ಸ್ಲೇಟಿನಲ್ಲಿ ಚಮಚ ಎಲ್ಲಿಡಲಿ?

ನಮ್ಮ ನಡುಮನೆಯಲ್ಲಿ ಒಂದು ಕಿಟಕಿ ಇದೆ. ಇದೆ ಎಂದು ನಾನು ಹೇಳುತ್ತಿದ್ದೇನೆ ಅಷ್ಟೇ. ನೀವು ಬಂದು ನೋಡಿದರೆ ನಿಮಗೆ ಕಾಣುವುದು ಪುಸ್ತಕ. ಕಿಟಕಿಯ ಕೆಳಗೆ ಒಬ್ಬರು ಕಾಲು ಮಡಿಸಿ ಕೂರುವಷ್ಟು ಅಗಲದ ಒಂದು ಕಟ್ಟೆಯೂ ಇದೆ. ಮನೆ ಕಟ್ಟಿಸುವಾಗ ನಮ್ಮವರು ಮೇಸ್ತ್ರಿಯ ಜೊತೆ ಜಗಳ ಮಾಡಿ ಹಾಕಿಸಿದ್ದು. "ನಮ್ಮನೆಯವಳು ಕೂತ್ಕೊಂಡು ಬೀದಿ ನೋಡ್ಬೇಕು ಕಣಪ್ಪ, ಒಂದು ಗೇಣು ಜಾಸ್ತಿ ಬಿಡು" ಎಂದಿದ್ದರು. (ಅವರು ನನ್ನ ಪರವಾಗಿ ಜಗಳವಾಡಿದ್ದು ಅದೊಂದೇ ಸಲ. ಉಳಿದ ಎಲ್ಲಾ ಜಗಳಗಳಲ್ಲಿ ಅವರು ಎದುರು ಪಕ್ಷ.) ಅಲ್ಲಿ ಕೂತರೆ ಬಸ್ಸು ನಿಲ್ಲುವ ಜಾಗ, ದರ್ಜಿಯ ಅಂಗಡಿ, ಎದುರು ಮನೆಯ ಮಹಡಿ ಮೆಟ್ಟಿಲು ಎಲ್ಲಾ ಕಾಣುತ್ತಿದ್ದವು. ಯಾರ ಮನೆಗೆ ಯಾರು ಬಂದರು, ಎಷ್ಟು ಹೊತ್ತು ಕೂತರು, ಹೋಗುವಾಗ ಮುಖ ಹೇಗಿತ್ತು ಎನ್ನುವುದಕ್ಕೆ ನನಗೆ ಪೇಪರು ಬೇಕಾಗಿರಲಿಲ್ಲ. ಪೇಪರಿನವರೇ ಬಂದು ನನ್ನನ್ನು ಕೇಳಬೇಕಿತ್ತು.

ಇಂಥ ಸಿಂಹಾಸನವನ್ನು ನನ್ನ ಸೊಸೆ ಯುದ್ಧವಿಲ್ಲದೆ ಗೆದ್ದಳು.

ಅವಳು ಊರಿನ ಗ್ರಂಥಾಲಯದಲ್ಲಿ ಗ್ರಂಥಪಾಲಕಿ. ಮಿಠಾಯಿ ಮಾಡುವವನಿಗೆ ಮಿಠಾಯಿ ಕಂಡರೆ ಹೊಟ್ಟೆ ತೊಳಸುತ್ತದೆ ಎನ್ನುತ್ತಾರೆ. ಅದೇ ನ್ಯಾಯದಲ್ಲಿ, ದಿನವೆಲ್ಲ ಪುಸ್ತಕದ ನಡುವೆ ಇರುವವಳು ಮನೆಗೆ ಬಂದ ಮೇಲೆ ಪುಸ್ತಕದ ಮುಖ ನೋಡಲಾರಳು ಎಂದು ಲೆಕ್ಕ ಹಾಕಿಯೇ ನಾನು ಈ ಸಂಬಂಧಕ್ಕೆ ಒಪ್ಪಿದ್ದು. ನನ್ನ ಲೆಕ್ಕ ತಪ್ಪುವುದು ಅಪರೂಪ. ಅವತ್ತು ಯಾಕೋ ತಪ್ಪಿತು.

ಗ್ರಂಥಾಲಯದಲ್ಲಿ ಹಳೆಯದಾದ, ಬೆನ್ನು ಬಿಟ್ಟ, ಯಾರೂ ಕೇಳದ ಪುಸ್ತಕಗಳಿಗೆ 'ರದ್ದು' ಎಂದು ಮೊಹರು ಒತ್ತಿ ಹೊರಗಿಡುತ್ತಾರೆ. ಮೊಹರು ಒತ್ತುವವಳು ಇವಳೇ. ಒತ್ತಿದ ಮೇಲೆ ಅಯ್ಯೋ ಪಾಪ ಎಂದು ಮನೆಗೆ ತರುವವಳೂ ಇವಳೇ. ಬೀದಿಯ ನಾಯಿಮರಿಯನ್ನು ಎತ್ತಿಕೊಂಡು ಬಂದ ಮಕ್ಕಳ ಹಾಗೆ ಬಾಗಿಲಲ್ಲಿ ನಿಂತು, "ಇದೊಂದೇ ಅತ್ತೆ, ಪಾಪ, ಎಲ್ಲಿಗೆ ಹೋಗುತ್ತೆ" ಎನ್ನುತ್ತಾಳೆ. (ನಾಯಿಮರಿಯಾಗಿದ್ದರೆ ಒಂದು ದಿನ ತಾನಾಗಿಯೇ ಎದ್ದು ಹೊರಗೆ ಹೋಗುತ್ತಿತ್ತು.) ಹೀಗೆ ಒಂದೊಂದೇ ಸೇರಿ ಕಟ್ಟೆ ತುಂಬಿತು, ಕಿಟಕಿಯ ಸರಳಿನವರೆಗೆ ಏರಿತು, ಕೊನೆಗೆ ಬೆಳಕೂ ಒಳಗೆ ಬರಲು ಸಂದಿ ಹುಡುಕಬೇಕಾಯಿತು.

ಇನ್ನು ಅವಳು ಓದುವ ರೀತಿ. ಕೋಣೆಗೊಂದು ಪುಸ್ತಕ. ಅಡುಗೆಮನೆಯ ಪುಸ್ತಕ ಅಡುಗೆಮನೆಯಲ್ಲೇ ಇರಬೇಕು, ಊಟದ ಮೇಜಿನದು ಮೇಜಿನ ಮೇಲೇ, ಬಚ್ಚಲಿನದು ಬಚ್ಚಲ ಬಾಗಿಲ ಮೊಳೆಗೆ ನೇತುಹಾಕಿದ ಚೀಲದಲ್ಲಿ, ಬಸ್ಸಿನದು ಕೈಚೀಲದಲ್ಲಿ. ಒಮ್ಮೆ ನಾನು ಮೇಜು ಒರೆಸುವಾಗ ಅಲ್ಲಿದ್ದದ್ದನ್ನು ಅಡುಗೆಮನೆಗೆ ತಂದಿಟ್ಟಿದ್ದಕ್ಕೆ, "ಅಯ್ಯೋ ಅತ್ತೆ, ಅಲ್ಲಿ ಕೊಲೆ ಆಗಿದೆ, ಇಲ್ಲಿ ಮದುವೆ ನಡೀತಿದೆ, ಎರಡೂ ಕಲಸಿ ಹೋಗುತ್ತೆ!" ಎಂದು ಕೂಗಿದಳು. ಓದಲು ಕೂತರೆ ಕಿವಿ ಕೆಲಸ ನಿಲ್ಲಿಸುತ್ತದೆ. ಮನೆಗೆ ಬೆಂಕಿ ಬಿದ್ದರೂ ಅಧ್ಯಾಯ ಮುಗಿಸಿ ಏಳುವ ಜಾತಿ. ಮೂರು ಸಲ ಕರೆದರೆ ಒಂದು ಸಲ ಉತ್ತರ ಬರುತ್ತದೆ. ಆ ಉತ್ತರವೂ ಯಾವಾಗಲೂ ಒಂದೇ:

"ಇರಿ ಅತ್ತೆ, ಈ ಪುಟ ಮುಗೀಲಿ."

ಹಾಗೆಂದು ಗ್ರಂಥಾಲಯದಲ್ಲಿ ಇವಳು ಸುಮ್ಮನೆ ಕೂರುವವಳಲ್ಲ, ಅಲ್ಲಿ ಹುಲಿ. ಒಮ್ಮೆ ಮರೆತುಹೋದ ಕನ್ನಡಕ ಕೊಡಲು ಹೋದಾಗ ನಾನೇ ಕಣ್ಣಾರೆ ಕಂಡಿದ್ದೇನೆ. ಹಾಳೆಯ ಮೂಲೆ ಮಡಿಸಿದವರ ಮುಖ ನೋಡಿ ಒಂದು ನೋಟ ಬಿಡುತ್ತಾಳೆ. ದೊಡ್ಡ ದೊಡ್ಡ ಮೀಸೆಯವರೂ ನೆಲ ನೋಡುತ್ತಾರೆ. ವಾಪಸು ಬಂದ ಪುಸ್ತಕ ಯಾವುದೇ ಇರಲಿ, ಮೊದಲು ಬೆನ್ನು ಹಿಡಿದು ತಲೆಕೆಳಗು ಮಾಡಿ ಕೊಡವುತ್ತಾಳೆ. ಬಸ್ ಟಿಕೆಟು, ಹೇರ್‌ಪಿನ್ನು, ಒಣಗಿದ ಹೂವು, ಯಾರೋ ತಿಂದು ಮಿಕ್ಕ ಅರ್ಧ ಬಿಸ್ಕತ್ತು ಎಲ್ಲವೂ ಉದುರುತ್ತವೆ. "ಪುಸ್ತಕ ಏನು ಪೆಟ್ಟಿಗೆನಾ?" ಎಂದು ಅವರನ್ನು ಕೇಳುತ್ತಾಳೆ.

ನಮ್ಮ ಮನೆಯಲ್ಲಿ ಮಾತ್ರ ಪುಸ್ತಕ ಪೆಟ್ಟಿಗೆಯೇ. ಅದನ್ನು ಹಾಗೆ ಮಾಡಿದವಳು ನಾನು, ಅದರ ಬಗ್ಗೆ ನನಗೆ ಹೆಮ್ಮೆಯೂ ಇದೆ.

ಒಂದು ದಿನ ಊಟ ಬಡಿಸಿ ಕರೆದು ಕರೆದು ಗಂಟಲು ಒಣಗಿತು. ಇವಳು ಅಡುಗೆಮನೆಯ ಮೂಲೆಯ ಸ್ಟೂಲಿನ ಮೇಲೆ ಕೂತು ಪುಸ್ತಕದಲ್ಲಿ ಮುಳುಗಿದ್ದಳು. ನೀರು ಕುಡಿಯಲು ಒಂದು ನಿಮಿಷ ಎದ್ದು ಹೋದಳಲ್ಲ, ಆಗ ನಾನು ಸಿಟ್ಟಿನಲ್ಲಿ ಅವಳು ಓದುತ್ತಿದ್ದ ಜಾಗದಿಂದ ಎರಡು ಹಾಳೆ ಮುಂದಕ್ಕೆ ಒಂದು ಚಮಚ ಇಟ್ಟು ಮುಚ್ಚಿದೆ. ಸ್ವಲ್ಪ ಹೊತ್ತಿಗೆ ನೋಡಿದರೆ, ಕೈಯಲ್ಲಿ ಚಮಚ ಹಿಡಿದು ಮೇಜಿನ ಹತ್ತಿರ ಬಂದು ನಿಂತಿದ್ದಾಳೆ!

"ಊಟಕ್ಕೆ ಕರೆದ್ರಾ ಅತ್ತೆ?"

ಅಂದು ನಮ್ಮಿಬ್ಬರ ನಡುವೆ ಒಂದು ಹೊಸ ಭಾಷೆ ಹುಟ್ಟಿತು. ನಾನು ಹೆಚ್ಚು ಓದಿದವಳಲ್ಲ. ಒತ್ತಕ್ಷರ ಕಲಿಯುವ ಹೊತ್ತಿಗೆ ಮನೆಯಲ್ಲಿ ತಮ್ಮ ಹುಟ್ಟಿದ, ತೊಟ್ಟಿಲು ತೂಗಲು ನನ್ನನ್ನು ಶಾಲೆ ಬಿಡಿಸಿದರು. ಆಮೇಲೆ ಅಂಗಡಿ ಬೋರ್ಡು, ಔಷಧಿ ಬಾಟಲಿ ನೋಡಿ ನೋಡಿ ಉಳಿದದ್ದನ್ನು ಕೂಡಿಸಿಕೊಂಡೆ. ಅಂಥವಳು ಒಂದು ಭಾಷೆಯನ್ನೇ ಕಟ್ಟಿದೆ ಎಂದರೆ ಸಾಮಾನ್ಯವೇ? ಚಮಚ ಇಟ್ಟರೆ ಊಟ. ಬಟ್ಟೆ ಕ್ಲಿಪ್ಪು ಇಟ್ಟರೆ ಒಣಗಿದ ಬಟ್ಟೆ ತೆಗೆಯಬೇಕು. ಖಾಲಿ ಮಾತ್ರೆಯ ಪಟ್ಟಿ ಇಟ್ಟರೆ ಬರುವಾಗ ಔಷಧಿ ತರಬೇಕು. ಉರಿದ ಬೆಂಕಿಕಡ್ಡಿ ಎಂದರೆ ಗ್ಯಾಸು ಮುಗಿಯಿತು. ರಬ್ಬರ್ ಬ್ಯಾಂಡ್ ಎಂದರೆ ಅವಳ ತಾಯಿಯ ಫೋನು ಬಂದಿತ್ತು. (ಎಳೆದಷ್ಟೂ ಬರುವ ಮಾತು ಅವರದು.)

ಇದರಲ್ಲಿ ಜಾಣ್ಮೆ ಇರುವುದು ವಸ್ತುವಿನಲ್ಲಿ ಅಲ್ಲ, ಎಷ್ಟು ಹಾಳೆ ಮುಂದೆ ಇಡಬೇಕು ಎನ್ನುವುದರಲ್ಲಿ. ಕೊಲೆಯ ಕಥೆಯಾದರೆ ಹಾಳೆ ಹಾರುತ್ತದೆ. ಹಾಲು ಕಾಯುವುದರೊಳಗೆ ನಾಲ್ಕು ಹಾಳೆ. ಪ್ರೀತಿಯ ಕಥೆ ನಿಧಾನ. ಅದರಲ್ಲೂ ಕೆಲವು ಕಡೆ ಹಿಂದಕ್ಕೆ ತಿರುಗಿಸಿ ಮತ್ತೆ ಓದುತ್ತಾಳೆ. ತತ್ವದ ಪುಸ್ತಕದಲ್ಲಿ ಚಮಚ ಇಟ್ಟರೆ ಊಟ ನಾಳೆಯೇ. ಇದೆಲ್ಲ ನನಗೆ ಬೆರಳ ತುದಿಯಲ್ಲಿತ್ತು. ಮನೆ ಗಡಿಯಾರದ ಹಾಗೆ ನಡೆಯುತ್ತಿತ್ತು. ನನಗೆ ಬೇಕಾಗಿದ್ದದ್ದು ಒಂದೇ, ನನ್ನ ಕಿಟಕಿ.

ಆ ಯೋಚನೆಗೆ ನೀರೆರೆದವನು ನನ್ನ ಮಗ. ಅವನದು ಲಿಫ್ಟು ರಿಪೇರಿ ಮಾಡುವ ಕೆಲಸ. ಜನರನ್ನು ಮೇಲೆ ಕೆಳಗೆ ಕಳಿಸುವವನು. ಗುಂಡಿ ಇರುವ ವಸ್ತು ಯಾವುದು ಕಂಡರೂ ಒತ್ತದೆ ಬಿಡುವವನಲ್ಲ, ಒತ್ತಿದ್ದನ್ನು ಕೊಳ್ಳದೆ ಬರುವವನಲ್ಲ. ತಾನೇ ಗುಡಿಸುವ ಯಂತ್ರ ತಂದ. ಅದು ಮಂಚದ ಕಾಲಿಗೆ ಹಣೆ ಚಚ್ಚಿಕೊಂಡು ಅಲ್ಲೇ ಪ್ರಾಣ ಬಿಟ್ಟಿತು. ಮಾತಾಡುವ ಕೆಟ್ಲು ತಂದ. ನೀರು ಕಾದಿದೆ ಎಂದು ಅದು ಹೇಳುವ ಹೊತ್ತಿಗೆ ನಾನು ಟೀ ಕುಡಿದು ಲೋಟ ತೊಳೆದಿರುತ್ತಿದ್ದೆ. ನನ್ನ ಮಂಚದ ಕೆಳಗೆ ಇಂಥ ಗತಿಸಿದ ಮಹನೀಯರ ಸಾಲೇ ಮಲಗಿದೆ.

ಆದರೂ ಅವನು ಒಂದು ದಿನ ಫೋನಿನಲ್ಲಿ ಚಿತ್ರ ತೋರಿಸಿ, "ಅಮ್ಮ, ನೋಡಿಲ್ಲಿ, ಸ್ಲೇಟಿನಷ್ಟೇ ಇದೆ, ಒಳಗಡೆ ಸಾವಿರಾರು ಪುಸ್ತಕ ಹಿಡಿಯುತ್ತೆ" ಎಂದಾಗ ನನ್ನ ತಲೆಯಲ್ಲಿ ದೀಪ ಹತ್ತಿತು. ಸಾವಿರ ಪುಸ್ತಕ ಒಂದು ಸ್ಲೇಟಿನೊಳಗೆ ಹೋದರೆ ಕಟ್ಟೆಯ ಮೇಲೆ ಉಳಿಯುವುದೇನು? ಕಟ್ಟೆ!

"ಅವಳ ಹುಟ್ಟುಹಬ್ಬ ಹತ್ತಿರ ಬಂತಲ್ಲೋ" ಎಂದೆ, ಏನೂ ಗೊತ್ತಿಲ್ಲದವಳ ಹಾಗೆ.

"ಅಮ್ಮ! ನನ್ನ ಯಂತ್ರದ ಪರವಾಗಿ ನೀನು ಮಾತಾಡ್ತಿದೀಯಾ? ಹುಷಾರಾಗಿದೀಯ ತಾನೆ?"

"ಕಾಲಕ್ಕೆ ತಕ್ಕ ಹಾಗೆ ಬದಲಾಗ್ಬೇಕಪ್ಪ."

ಅವನು ಸ್ಲೇಟು ತಂದ ದಿನವೇ ಇನ್ನೊಂದು ಸಂಗತಿ ನಡೆಯಿತು, ಅದನ್ನು ಇಲ್ಲೇ ಹೇಳಿಬಿಡುತ್ತೇನೆ. ನನ್ನ ಎಡಗಿವಿಯ ಓಲೆಯ ತಿರುಪು ಸವೆದು ಜಾರುತ್ತಿತ್ತು. ಮದುವೆಯಾದ ಹೊಸತರಲ್ಲಿ ನಮ್ಮವರು ಮಾಡಿಸಿಕೊಟ್ಟ ಓಲೆ. ಕನ್ನಡಿ ನೋಡದೆ ಹೋದ ದಿನಗಳಲ್ಲೂ ಅದು ಕಿವಿಯಲ್ಲಿತ್ತು. ಬಿಚ್ಚಿ, ತೆಳು ಕಾಗದದಲ್ಲಿ ಸುತ್ತಿ, ಊಟದ ಮೇಜಿನ ಪುಸ್ತಕದೊಳಗೆ ಇಟ್ಟೆ. ಅಕ್ಕಸಾಲಿಗನ ಹತ್ತಿರ ಕೊಂಡುಹೋಗು ಎಂದು ಅರ್ಥ. (ಹಿಂದಿನ ರಾಜರೂ ಓಲೆಯನ್ನೇ ಕಳಿಸುತ್ತಿದ್ದರಂತೆ.) ಅವಸರದ ಕೆಲಸವಲ್ಲ, ನಾಳೆಯೋ ನಾಡಿದ್ದೋ ಸಿಗಲಿ ಎಂದು ಲೆಕ್ಕ ಹಾಕಿ ಸಾಕಷ್ಟು ಹಾಳೆ ಮುಂದಕ್ಕೇ ಇಟ್ಟೆ.

ಸಂಜೆ ಸ್ಲೇಟು ಬಂತು. ಸೊಸೆ ಅದನ್ನು ಹಾವು ಹಿಡಿದ ಹಾಗೆ ಎರಡು ಬೆರಳಿನಲ್ಲಿ ಹಿಡಿದಳು.

"ಇದಕ್ಕೆ ಪುಸ್ತಕದ ವಾಸನೆ ಇಲ್ವಲ್ರೀ!"

"ವಾಸನೆ ಬೇಕಾದ್ರೆ ಅಡುಗೆಮನೆಗೆ ಬಾ, ಬೇಕಾದಷ್ಟಿದೆ" ಎಂದೆ ನಾನು.

"ಹಾಳೆ ತಿರುಗಿಸೋ ಸದ್ದೂ ಇಲ್ಲ."

"ಇದೆ!" ಎಂದು ಮಗ ಗುಂಡಿ ಒತ್ತಿದ. ಸ್ಲೇಟು ಸರ್ ಎಂದು ಸದ್ದು ಮಾಡಿತು. ಸೊಸೆ ಬೆಚ್ಚಿದಳು, ಮತ್ತೊಂದು ಸಲ ಒತ್ತಿದಳು, ಮೂರನೆಯ ಸಲ ಒತ್ತುವಾಗ ಅವಳ ಕಣ್ಣಲ್ಲಿ ನಾನು ಒಂದು ಹೊಳಪು ಕಂಡೆ. ಮೀನು ಗಾಳಕ್ಕೆ ಬಿತ್ತು ಎಂದುಕೊಂಡೆ.

ಬಿತ್ತು ಎಂದರೆ ಹೇಗೆ ಬಿತ್ತು! ಆ ವಾರದಲ್ಲೇ ಅವಳು ಓದುತ್ತಿದ್ದ ಎಲ್ಲಾ ಪುಸ್ತಕ ಸ್ಲೇಟಿನೊಳಗೆ ಹೋದವು. "ಮೇಜಿನ ಮೇಲಿದ್ದ ಕೊಲೆ ಕಥೆನೂ ಇದರಲ್ಲೇ ಸಿಕ್ತು ಅತ್ತೆ, ನಿಲ್ಲಿಸಿದ ಜಾಗದಿಂದ ಮುಂದೆ ಓದಿದೆ, ಮುಗೀತು!" ಎಂದು ಸಂಭ್ರಮದಿಂದ ಹೇಳಿದಳು. ನನ್ನ ತಲೆಯಲ್ಲಿ ಅಪಾಯದ ಗಂಟೆ ಹೊಡೆಯಬೇಕಾಗಿದ್ದದ್ದು ಆಗಲೇ. ಹೊಡೆಯಲಿಲ್ಲ. ನನ್ನ ತಲೆ ತುಂಬ ಕಿಟಕಿಯೇ ಇತ್ತು.

"ಹಾಗಾದ್ರೆ ಈ ರದ್ದಾದವನ್ನೆಲ್ಲ ಯಾಕಮ್ಮ ಇಟ್ಕೊಂಡಿದೀಯ? ರದ್ದಾದ್ದು ರದ್ದಿಗೆ ಹೋಗ್ಬೇಕು."

ಅವಳ ಮುಖ ಚಿಕ್ಕದಾಯಿತು. "ರದ್ದಾದ್ದೆಲ್ಲ ರದ್ದಿ ಅಲ್ಲ ಅತ್ತೆ. ಹಳೇದಾಯ್ತು ಅಂತ ಹೊರಗೆ ಹಾಕೋ ಲೆಕ್ಕವಾದ್ರೆ, ಮನೇಲಿ ಯಾರ್ಯಾರು ಉಳೀತಾರೆ ನೋಡಿ."

ಮಾತು ಯಾರಿಗೆ ತಾಗಬೇಕೋ ಅವರಿಗೆ ತಾಗಿತು. ತಾಗದವಳ ಹಾಗೆ ನಾನು ರಟ್ಟಿನ ಪೆಟ್ಟಿಗೆ ತರಿಸಿದೆ. ಭಾನುವಾರ ಮಗನನ್ನು ಜೊತೆಗೆ ಕೂರಿಸಿಕೊಂಡು ನನ್ನ ಕೈಯಾರೆ ಪುಸ್ತಕಗಳನ್ನು ತುಂಬಿದೆ. ಕಟ್ಟೆಯ ಮೇಲಿನವು, ಬಚ್ಚಲಿನದು, ಮೇಜಿನದು, ಒಂದೂ ಬಿಡಲಿಲ್ಲ. ಗಾಡಿ ಬಂದು ಪೆಟ್ಟಿಗೆಗಳನ್ನು ಗ್ರಂಥಾಲಯಕ್ಕೆ ಕೊಂಡುಹೋಯಿತು. ಅಲ್ಲಿಂದ ಮುಂದೆ ರದ್ದಿಯವನು ಒಯ್ಯುತ್ತಾನೆ ಎಂದು ಸೊಸೆ ಸಣ್ಣ ದನಿಯಲ್ಲಿ ಹೇಳಿದಳು.

ಕಟ್ಟೆ ಒರೆಸಿದೆ. ಹಳೆಯ ದಿಂಬು ಹಾಕಿದೆ. ಎಷ್ಟೋ ವರ್ಷಗಳ ಮೇಲೆ ಕಿಟಕಿಯಿಂದ ಬಿಸಿಲು ನೇರವಾಗಿ ನೆಲಕ್ಕೆ ಬಿತ್ತು. ಕೈಕಾಲು ತೊಳೆದು ಗತ್ತಿನಿಂದ ಪಟ್ಟಾಭಿಷೇಕಕ್ಕೆ ಬರುತ್ತೇನೆ, ನೋಡಿದರೆ ಕಟ್ಟೆಯ ಮೇಲೆ ಸೊಸೆ! ಕಾಲು ಮಡಿಸಿ, ನನ್ನ ದಿಂಬಿಗೆ ಒರಗಿ, ಸ್ಲೇಟು ಹಿಡಿದು ಕೂತಿದ್ದಾಳೆ. ಸ್ಲೇಟಿನಿಂದ ಒಂದು ವೈರು ಹೊರಟು ಕಿಟಕಿಯ ಪಕ್ಕದ ಪ್ಲಗ್ಗಿಗೆ ಹೋಗಿದೆ.

"ಚಾರ್ಜ್ ಇಲ್ಲ ಅತ್ತೆ. ಬೇರೆ ಪ್ಲಗ್ಗಿನಲ್ಲೆಲ್ಲ ಇವರ ಯಂತ್ರಗಳಿವೆ. ಇದೊಂದೇ ಖಾಲಿ."

ಮಗನ ಕಡೆ ತಿರುಗಿದೆ. "ಚಾರ್ಜ್ ಎಷ್ಟು ಹೊತ್ತು ಬೇಕೋ ಇದಕ್ಕೆ?"

"ಓದ್ತಾ ಇದ್ರೆ ತುಂಬೋದೇ ಇಲ್ಲಮ್ಮ. ತುಂಬಿದ ಹಾಗೆ ಖಾಲಿಯಾಗ್ತಿರುತ್ತೆ."

ಕಟ್ಟೆ ಖಾಲಿಯಾಗಿದ್ದು ನಿಜ. ಯಾರಿಗೆ ಎಂದು ನಾನು ಮೊದಲೇ ಕೇಳಿಕೊಳ್ಳಬೇಕಿತ್ತು.

ಅಷ್ಟೇ ಆಗಿದ್ದರೆ ಸಹಿಸುತ್ತಿದ್ದೆ. ನಾನು ಕಟ್ಟಿದ ಭಾಷೆ ಒಂದೇ ಏಟಿಗೆ ಸತ್ತಿತು. ಸ್ಲೇಟಿನೊಳಗೆ ಚಮಚ ಎಲ್ಲಿಡಲಿ? ಹಾಳೆ ಎಲ್ಲಿದೆ ಅದಕ್ಕೆ? ಒಂದು ಮಧ್ಯಾಹ್ನ ಮೋಡ ಕವಿಯಿತು, ಮಹಡಿಯ ಮೇಲೆ ಬಟ್ಟೆ ಒಣಗುತ್ತಿತ್ತು. ಮೆಟ್ಟಿಲು ಹತ್ತಲು ನನ್ನ ಮಂಡಿ ಒಪ್ಪುವುದಿಲ್ಲ. ಕರೆದೆ, ಕರೆದೆ. ಕೊನೆಗೆ ಬಟ್ಟೆ ಕ್ಲಿಪ್ಪನ್ನು ಸ್ಲೇಟಿನ ಅಂಚಿಗೇ ಸಿಕ್ಕಿಸಿದೆ. ಅದು ಸರ್ ಸರ್ ಸರ್ ಎಂದು ಹಾಳೆ ಹಾರಿಸುತ್ತಾ ಓಡಿ ಪುಸ್ತಕದ ಕೊನೆಗೆ ಹೋಗಿ ನಿಂತಿತು.

"ಅತ್ತೆ! ಕೊಲೆ ಮಾಡಿದ್ದು ಯಾರು ಅಂತ ತಿಳಿದೇ ಹೋಯ್ತಲ್ಲ!"

"ಬಟ್ಟೆ ನೆನೆದು ಹೋಯ್ತು ಅಂತಲೂ ತಿಳ್ಕೋ!"

ಎರಡು ಹೊತ್ತು ಮಾತಿಲ್ಲ. ಮೊದಲಾದರೆ ಸಿಟ್ಟು ಮಾಡಿಕೊಂಡಾಗ ಅವಳ ಪುಸ್ತಕದಲ್ಲಿ ಒಂದು ಚಾಕಲೇಟಿನ ಹೊಳೆಯುವ ಕಾಗದ ಇಡುತ್ತಿದ್ದೆ. ರಾಜಿಯಾಗೋಣ ಎಂದರ್ಥ. ಈಗ ಅದಕ್ಕೂ ದಾರಿಯಿಲ್ಲ. ಬಾಯಿಬಿಟ್ಟು ಹೇಳಬೇಕು. ಹೇಳುವುದು ನಮ್ಮ ವಂಶದಲ್ಲಿ ರೂಢಿಯಿಲ್ಲ.

ಹೀಗಿರುವಾಗ ದರ್ಜಿಯ ಹೆಂಡತಿ ಬಂದು ನನ್ನ ಮುಖವನ್ನೇ ನೋಡಿ, "ಇದೇನಮ್ಮ, ಒಂದು ಕಿವಿ ಬರಿದು ಮಾಡ್ಕೊಂಡಿದೀರಿ?" ಎಂದಳು.

"ರಿಪೇರಿಗೆ ಕೊಟ್ಟಿದೆ. ಅಕ್ಕಸಾಲಿಗರು ಕೊಟ್ಟ ಮಾತಿಗೆ ಕೆಲಸ ಮಾಡ್ತಾರಾ?" ಎಂದು ಠೀವಿಯಿಂದ ಹೇಳಿ, ಸಂಜೆ ಸೊಸೆ ಬಂದ ಕೂಡಲೇ ಸ್ಲೇಟಿಗೂ ಅವಳ ಮುಖಕ್ಕೂ ನಡುವೆ ನನ್ನ ಮುಖ ತೂರಿಸಿದೆ.

"ಓಲೆ ಎಲ್ಲಿ ಬಂತಮ್ಮ?"

"ಯಾವ ಓಲೆ ಅತ್ತೆ?"

ಕಾಲ ಕೆಳಗಿನ ನೆಲ ಲಿಫ್ಟಿನ ಹಾಗೆ ಇಳಿಯಿತು. ಆಗ ಹೊಳೆಯಿತು ನನಗೆ. ಮೇಜಿನ ಪುಸ್ತಕವನ್ನು ಅವಳು ಸ್ಲೇಟಿನಲ್ಲಿ ಓದಿ ಮುಗಿಸಿದಳು. ಓಲೆ ಇದ್ದ ಹಾಳೆಯವರೆಗೆ ಬರಲೇ ಇಲ್ಲ. ಆ ಪುಸ್ತಕವನ್ನು ಪೆಟ್ಟಿಗೆಗೆ ಹಾಕಿ, ಹಗ್ಗ ಬಿಗಿದು, ಗಂಟು ಸಡಿಲ ಎಂದು ಮಗನನ್ನು ಬೈದು, ಎರಡನೆಯ ಗಂಟು ಹಾಕಿದವಳು ನಾನೇ.

ಮಗನಿಗೆ ಇಂಥ ಹೊತ್ತಿನಲ್ಲೇ ಉತ್ಸಾಹ. "ಅಮ್ಮ, ಹೆದರ್ಬೇಡ. ಕಟ್ಟುವಾಗ ಮನೇಲೇ ಬಿದ್ದಿರ್ಬಹುದು. ಲೋಹ ಇದ್ದ ಕಡೆ ಕೂಗೋ ಒಂದು ಕೋಲು ನಮ್ಮ ಕೆಲಸದವರ ಹತ್ರ ಇದೆ" ಎಂದು ಹೋಗಿ ತಂದ. ಕೋಲು ಮಂಚದ ಕೆಳಗೆ ಹೋದ ಕೂಡಲೇ ಅಲ್ಲಿದ್ದ ಗತಿಸಿದ ಮಹನೀಯರನ್ನೆಲ್ಲ ನೆನೆದು ಗೋಳೋ ಎಂದಿತು. ಬಾಗಿಲ ಚಿಲಕಕ್ಕೆ ಕೂಗಿತು, ಸೇಫ್ಟಿ ಪಿನ್ನಿಗೆ ಕೂಗಿತು. ಕಟ್ಟೆಯ ಹತ್ತಿರ ಎಲ್ಲಕ್ಕಿಂತ ಜೋರಾಗಿ ಕೂಗಿದಾಗ ಮಗ, "ಸಿಕ್ತು! ಅಲ್ಲಾಡ್ಬೇಡ ಅಮ್ಮ, ನಿನ್ನ ಹತ್ರಾನೇ ಇದೆ!" ಎಂದು ಕುಣಿದ. ಅದು ಡಾಕ್ಟರು ನನ್ನ ಮಂಡಿಯೊಳಗೆ ಹಾಕಿದ ಕಬ್ಬಿಣ.

ಇನ್ನು ಉಳಿದದ್ದು ಒಂದೇ ದಾರಿ. ನಾನು ಸೊಸೆಯ ಪಕ್ಕದಲ್ಲಿ, ಕಟ್ಟೆಯ ತುದಿಯಲ್ಲಿ, ಸಿಕ್ಕಷ್ಟು ಜಾಗದಲ್ಲಿ ಕೂತೆ.

"ಪೆಟ್ಟಿಗೆಗಳು ಇನ್ನೂ ಇವೆಯೇನಮ್ಮ?"

"ಗೋದಾಮಲ್ಲಿವೆ ಅತ್ತೆ. ಶನಿವಾರ ರದ್ದಿಯವನು ಬರ್ತಾನೆ."

"ಶನಿವಾರ ಅಂದ್ರೆ ನಾಳೇನೇ!"

"ಹೌದಲ್ವಾ?" ಎಂದಳು, ಆಗತಾನೇ ಗೊತ್ತಾದವಳ ಹಾಗೆ.

"ವಾಪಸು ತರ್ಬಹುದಲ್ವಾ?"

"ತರ್ಬಹುದು. ತಂದ್ರೆ ಇಡೋದೆಲ್ಲಿ?"

ನಾನು ದಿಂಬು ನೋಡಿದೆ. ಕಿಟಕಿ ನೋಡಿದೆ. ಹೊರಗೆ ಬಸ್ಸು ಬಂದು ನಿಂತಿತ್ತು. ಎದುರು ಮನೆಗೆ ಯಾರೋ ಚೀಲ ಹಿಡಿದು ಬರುತ್ತಿದ್ದರು, ಮುಖ ನೋಡುವಷ್ಟರಲ್ಲಿ ಕಣ್ಣು ಮಂಜಾಯಿತು. ಬರಿದಾದ ಕಿವಿಯನ್ನು ಮುಟ್ಟಿಕೊಂಡೆ.

"ಈ ಕಟ್ಟೆ ಇದೆಯಲ್ಲ."

"ಇದು ನಿಮ್ದಲ್ವಾ ಅತ್ತೆ?"

"ನಂದು ಅಂತ ಏನಿದೆಯಮ್ಮ. ಎಲ್ಲಾ ನಿಮ್ದೇ."

"ರೀ!" ಎಂದು ಅವಳು ಗಂಡನನ್ನು ಕರೆದಳು. "ಸ್ವಲ್ಪ ಬನ್ನಿ ಇಲ್ಲಿ. ಅತ್ತೆ ಏನೋ ಹೇಳ್ತಿದಾರೆ, ನೀವೂ ಕೇಳಿಸ್ಕೊಳ್ಳಿ."

ಎರಡನೆಯ ಸಲ ಹೇಳಿಸಿದಳು. ಗ್ರಂಥಪಾಲಕಿಯಲ್ಲವೇ, ಸಾಕ್ಷಿಯಿಲ್ಲದೆ ಏನನ್ನೂ ಒಳಗೆ ಸೇರಿಸಿಕೊಳ್ಳುವುದಿಲ್ಲ.

ಪೆಟ್ಟಿಗೆಗಳು ಬಂದವು. ಭಾನುವಾರ ಮಧ್ಯಾಹ್ನ ಒಲೆಯ ಮೇಲೆ ಹಾಲಿಟ್ಟು, ಅದು ಕಾಯುವಷ್ಟರಲ್ಲಿ ಒಂದೆರಡು ಪುಸ್ತಕ ನೋಡೋಣ ಎಂದು ಕೂತೆ. ಒಂದನ್ನು ಎತ್ತಿ ಬೆನ್ನು ಹಿಡಿದು ತಲೆಕೆಳಗು ಮಾಡುತ್ತಿದ್ದ ಹಾಗೆ ಸೊಸೆ ಓಡಿಬಂದಳು.

"ಹಾಗೆ ಕೊಡವಬಾರದು ಅತ್ತೆ! 'ರದ್ದು' ಪುಸ್ತಕ, ಹೊಲಿಗೆ ಬಿಚ್ಚಿ ಹೋಗುತ್ತೆ. ಒಂದೊಂದೇ ಹಾಳೆ ತಿರುಗಿಸಿ. ನಿಧಾನವಾಗಿ."

ನೀನು ಗ್ರಂಥಾಲಯದಲ್ಲಿ ದಿನವೂ ಮಾಡುವುದೇನು ಎಂದು ಕೇಳುವಷ್ಟು ಧೈರ್ಯ ಆ ಹೊತ್ತು ನನ್ನಲ್ಲಿರಲಿಲ್ಲ. ಮೇಜಿನ ಪುಸ್ತಕವನ್ನು ಅದರ ದಪ್ಪ ನೋಡಿ, ರಟ್ಟಿನ ಮೇಲಿದ್ದ ನಮ್ಮ ಮನೆಯ ಲೋಟದ ಗುರುತು ನೋಡಿ ಪತ್ತೆ ಹಚ್ಚಿದೆ. ಒಂದೊಂದೇ ಹಾಳೆ ತಿರುಗಿಸುತ್ತ ಹೋದೆ. ಅಕ್ಷರ ದಪ್ಪಗಿತ್ತು. ಕಣ್ಣು ಸುಮ್ಮನಿರುತ್ತದೆಯೇ, ಒಂದು ಕಡೆ ಕೂಡಿಸಿ ಕೂಡಿಸಿ ಓದಿಬಿಟ್ಟಿತು. 'ಅಡುಗೆಯವನು ಹಾಲನ್ನು ಒಲೆಯ ಮೇಲಿಟ್ಟು ತೋಟಕ್ಕೆ ಹೋದನು. ಬಹಳ ಹೊತ್ತಿನ ಮೇಲೆ ಅವನು ಹಿಂದಿರುಗಿದಾಗ ಹಾಲು ಉಕ್ಕಿರಲಿಲ್ಲ. ಯಜಮಾನನು ಸತ್ತುಬಿದ್ದಿದ್ದನು.'

ಯಜಮಾನ ಸತ್ತದ್ದು ಇರಲಿ. ಹಾಲು ಯಾಕೆ ಉಕ್ಕಲಿಲ್ಲ?

ನನಗೆ ಇದು ಸಹಿಸುವ ಮಾತಲ್ಲ. ಒಲೆಯ ಮೇಲಿಟ್ಟ ಹಾಲು, ನೋಡಿಕೊಳ್ಳುವವರಿಲ್ಲ, ಬಹಳ ಹೊತ್ತು, ಉಕ್ಕಲೇಬೇಕು. ಉಕ್ಕಿಲ್ಲ ಎಂದರೆ ಯಾರೋ ಬಂದು ಉರಿ ಸಣ್ಣ ಮಾಡಿದ್ದಾರೆ. ಗಂಡಸು ಕೊಲೆ ಮಾಡಲು ಹೊರಟವನು ದಾರಿಯಲ್ಲಿ ಹಾಲಿನ ಉರಿ ಸಣ್ಣ ಮಾಡುತ್ತಾನೆಯೇ? ಸಾಧ್ಯವಿಲ್ಲ. ಅದು ಮನೆ ನಡೆಸಿದ ಹೆಂಗಸಿನ ಕೈ. ಆ ಮನೆಯಲ್ಲಿ ಹೆಂಗಸರು ಇಬ್ಬರು, ಯಜಮಾನನ ಅಕ್ಕ ಮತ್ತು ಅವನ ಸೊಸೆ. ಪತ್ತೇದಾರ ಎನ್ನುವವನು ತೋಟದಲ್ಲಿ ಚಪ್ಪಲಿ ಗುರುತು ಅಳೆಯುತ್ತಾ ಕೂತಿದ್ದಾನೆ, ದಡ್ಡ ಶಿಖಾಮಣಿ! ಒಲೆಯ ಹತ್ತಿರ ಬಾರೋ ಎಂದು ನಾನೇ ಎರಡು ಸಲ ಜೋರಾಗಿ ಹೇಳಿದೆನಂತೆ. ನನಗೆ ನೆನಪಿಲ್ಲ.

ಮಧ್ಯೆ ಒಮ್ಮೆ ನೀರು ಕುಡಿಯಲು ಎದ್ದಿದ್ದೆ, ಅದು ನೆನಪಿದೆ. ಅಡುಗೆಮನೆಗೆ ಹೋಗಿ, ನೀರು ಕುಡಿದು, ಒಲೆಯ ಕಡೆ ನೋಡದೆ ಬಂದೆನಂತೆ. ಬಂದು ಮತ್ತೆ ಕೂತೆ. ಮೂಗಿಗೆ ಏನೋ ಸೀದ ವಾಸನೆ ಬಂತು. ಕಥೆಯದ್ದೇ ಇರಬೇಕು ಎಂದುಕೊಂಡೆ. "ಅಮ್ಮಾ, ಹಾಲು!" ಎಂದು ಮಗ ಕೂಗಿದನಂತೆ. ಪತ್ತೇದಾರ ಕೊನೆಗೂ ಅಡುಗೆಮನೆಗೆ ಬಂದಿದ್ದ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, 'ಹಾಲಿನ ಉರಿ ಸಣ್ಣ ಮಾಡಿದ ಕೈ ಯಾರದು?' ಎಂದು ಕೇಳಿದ. ಉತ್ತರ ಆಚೆ ಪುಟದಲ್ಲಿ. ಬೆರಳಿಗೆ ಎಂಜಲು ಹಚ್ಚಿ ಹಾಳೆ ತಿರುಗಿಸಿದೆ.

ಮೊದಲ ಸಾಲಿನ ಮೇಲೆ ನನ್ನ ಓಲೆ ಕೂತಿತ್ತು. ತೊಳೆದು, ಹೊಳಪು ಕೊಟ್ಟು, ಹೊಸ ತಿರುಪು ಹಾಕಿದ ಓಲೆ. ಸರಿಯಾಗಿ ಕೊಲೆಗಾರನ ಹೆಸರು ಇರಬೇಕಾದ ಜಾಗವನ್ನೇ ಮುಚ್ಚಿಕೊಂಡು ಕೂತಿತ್ತು.

ನಾನು ಅದನ್ನು ಕಿರುಬೆರಳಿನಿಂದ ಪಕ್ಕಕ್ಕೆ ತಳ್ಳಿ ಓದತೊಡಗಿದೆ.

ಬೆನ್ನ ಹಿಂದೆ ಗೊಳ್ಳೆಂದು ನಗು. ತಲೆಯೆತ್ತದೆಯೇ ಗೊತ್ತಾಯಿತು, ಒಬ್ಬರಲ್ಲ, ಇಬ್ಬರು.

"ಅತ್ತೆ! ಓಲೆ ಅತ್ತೆ! ಅಲ್ಲೇ ಇದೆ ನೋಡಿ!"

"ಇರಮ್ಮ" ಎಂದೆ, "ಈ ಪುಟ ಮುಗೀಲಿ."

ಹೇಳಿದ ಮೇಲೆ ಏನು ಹೇಳಿದೆ ಎಂದು ತಿಳಿಯಿತು. ಆದರೆ ಬಾಣ ಬಿಟ್ಟಾಗಿತ್ತು.

ಆಮೇಲೆ ಎಲ್ಲಾ ಹೊರಗೆ ಬಂತು. ಪೆಟ್ಟಿಗೆಗಳು ಗ್ರಂಥಾಲಯಕ್ಕೆ ಹೋದ ಮಾರನೆಯ ದಿನವೇ ಅಭ್ಯಾಸ ಬಲದಿಂದ ಅವಳು ಒಂದೊಂದನ್ನೂ ಕೊಡವಿದ್ದಾಳೆ. ನಮ್ಮ ಮನೆಯ ಕಳೆದುಹೋದ ಚಮಚ, ಕ್ಲಿಪ್ಪುಗಳ ಜೊತೆ ಓಲೆಯೂ ಉದುರಿದೆ. ಅಂದೇ ಅಕ್ಕಸಾಲಿಗನಿಗೆ ಕೊಟ್ಟು, ನಾನು 'ಓಲೆ ಎಲ್ಲಿ' ಎಂದು ಕೇಳುವ ಹೊತ್ತಿಗೆ ಅದನ್ನು ಕೈಚೀಲದಲ್ಲೇ ಇಟ್ಟುಕೊಂಡಿದ್ದಳಂತೆ. ರದ್ದಿಯವನು ಶನಿವಾರ ಬರುವುದು ನಿಜ, ಆದರೆ ಅವನು ಬರುವುದು ಹಳೆಯ ಪೇಪರಿಗೆ ಮಾತ್ರ.

"ಹಾಗಾದ್ರೆ ನನ್ನ ಕೈಲಿ ಕಟ್ಟೆ ಬರೆಸ್ಕೊಂಡೆ!" ಎಂದೆ.

"ಬರೆಸ್ಕೊಳ್ಳಲಿಲ್ಲ ಅತ್ತೆ, ಬಾಯಲ್ಲಿ ಹೇಳಿಸ್ದೆ ಅಷ್ಟೇ. ನೀವು ನೀರು ಕುಡಿಯೋಕೆ ಎದ್ದಾಗ ಓಲೆನ ಒಂದೇ ಹಾಳೆ ಮುಂದೆ ಇಟ್ಟಿದ್ದೆ. ನಿಮ್ಮ ವೇಗಕ್ಕೆ ಅಷ್ಟು ಸಾಕು ಅನ್ನಿಸ್ತು."

ವೇಗ ಅಳೆಯುವುದನ್ನೂ ನನ್ನಿಂದಲೇ ಕಲಿತದ್ದು. ಶಿಷ್ಯೆ ಗುರುವಿಗೇ ತಿರುಗಿಸಿದಳು ಎಂದು ನಾನು ಬೇಜಾರು ಮಾಡಿಕೊಳ್ಳಲಿಲ್ಲ. ಕಲಿಸಿದವಳ ಹೆಚ್ಚುಗಾರಿಕೆ ಅದು. ಸೀದ ಪಾತ್ರೆ ತಿಕ್ಕುವುದು ಮಾತ್ರ ನನ್ನ ಪಾಲಿಗೇ ಬಂತು.

ಈಗ ಕಿವಿಯಲ್ಲಿ ಓಲೆ ಇದೆ. ಕಿಟಕಿ ಮೊದಲಿನ ಹಾಗೆ ಪುಸ್ತಕದ ಹಿಂದೆ ಇದೆ. ಸ್ಲೇಟು ಸೊಸೆಯ ಬಸ್ಸಿನ ಚೀಲದಲ್ಲಿದೆ, ಬಸ್ಸಿನ ಪುಸ್ತಕದ ಜಾಗಕ್ಕೆ ಅದು ಸರಿಹೋಯಿತು. ಮಗ ತಾನೇ ಆರುವ ಒಲೆ ನೋಡಿ ಬಂದಿದ್ದಾನೆ; ಈ ಸಲ ನಾನು ಬೇಡ ಎನ್ನಲಿಲ್ಲ. ಕಟ್ಟೆಯ ತುದಿಯಲ್ಲಿ ಒಂದಷ್ಟು ಪುಸ್ತಕ ಇಳಿಸಿ ನನಗೆ ಕೂರುವಷ್ಟು ಜಾಗ ಮಾಡಿಕೊಟ್ಟಿದ್ದಾರೆ, ಅಲ್ಲಿ ಕೂತರೆ ಬೀದಿ ಕಾಣುವುದಿಲ್ಲ, ಬೆಳಕು ಮಾತ್ರ ಹಾಳೆಯ ಮೇಲೆ ಸರಿಯಾಗಿ ಬೀಳುತ್ತದೆ. ಎದುರು ಮನೆಗೆ ಯಾರು ಬಂದರು, ಯಾರು ಹೋದರು ಎಂದು ದರ್ಜಿಯ ಹೆಂಡತಿ ಬೀದಿಯಿಂದಲೇ ಕೂಗಿ ವರದಿ ಕೊಡುತ್ತಾಳೆ. ಮುದುಕಿಗೆ ಕಿವಿ ಪೂರ್ತಿ ಹೋಗಿದೆ, ಎಷ್ಟು ಕರೆದರೂ ಕೇಳಿಸುವುದಿಲ್ಲ ಎಂದು ಅವಳು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದಾಳಂತೆ.

ಶುದ್ಧ ಸುಳ್ಳು. ಕೇಳಿಸುತ್ತದೆ. ಪುಟ ಮುಗಿದ ಮೇಲೆ.